ಪ್ರೌಢಶಾಲೆಯ ರಂಗಕ್ಕೆ ಹಾಡುನಾಟಕವನ್ನಾರಿಸುವ ಬಗೆ

ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕವನ್ನಾರಿಸುವ ಭಾರವು ಬಹುಮಟ್ಟಿಗೆ ಕನ್ನಡ ಅಧ್ಯಾಪಕರ ಹೆಗಲಿಗೇರುವುದು ವಾಡಿಕೆ. ಅದರಲ್ಲಿಯೂ ಈ ಸಾರಿ ಹಾಡುಗಳಿರುವ ನಾಟಕವಾದರೆ ಚೆನ್ನವೆಂದು ಮುಖ್ಯೋಪಾಧ್ಯಾಯರು ಅಪೇಕ್ಷೆಪಟ್ಟರೆಂದರೆ, ಆ ಅಧ್ಯಾಪಕರು ತಾವೆಂದೋ ನೋಡಿ ಮೆಚ್ಚಿದ ಪ್ರಸಿದ್ಧ ಪ್ರಯೋಗವೊಂದನ್ನು ನೆನೆದು, ಅದರ ಪುಸ್ತಕವನ್ನು ಎಲ್ಲಿಂದಲೋ ತರಿಸಿ, ಅನಂತರ ಅದರ ಪಾತ್ರಗಳಿಗೊಪ್ಪುವ ಹುಡುಗರನ್ನು ಹುಡುಕಲು ತೊಡಗುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಈ ಕ್ರಮವೇ ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ವೃತ್ತಿನಾಟಕ ಮಂಡಲಿಯು ನಾಟಕಕ್ಕೆ ತಕ್ಕ ಗಾಯಕನಟರನ್ನು ಸಂಬಳ ಕೊಟ್ಟು ತರಬಲ್ಲುದು. ಶಾಲೆಯಾದರೋ, ಆ ವರ್ಷ ತನ್ನ ಹಾಜರಿ ಪುಸ್ತಕದಲ್ಲಿ ಹೆಸರುಳ್ಳ ಮಕ್ಕಳ ಕಂಠಗಳಿಗೆ ತಕ್ಕ ನಾಟಕವನ್ನೇ ಅರಸಿಕೊಳ್ಳಬೇಕು, ಅದಕ್ಕೆ ಅನ್ಯಮಾರ್ಗವಿಲ್ಲ.

ಕಂಠವೆಂದೆನಷ್ಟೆ; ಮೊದಲು ಅದನ್ನೇ ವಿಚಾರಿಸೋಣ. ಎಂಟನೆಯ ತರಗತಿಗೆ ಕಾಲಿಡುವ ಬಾಲಕನಿಗೆ ಸುಮಾರು 13 ವರ್ಷ. ಹತ್ತನೆಯದನ್ನು ಮುಗಿಸಿ ಹೊರಡುವಾಗ 16. ಅವನ ಧ್ವನಿಪೆಟ್ಟಿಗೆಯು ಹಿಗ್ಗಿ, ಧ್ವನಿತಂತುಗಳು ಉದ್ದವಾಗಿಯೂ ದಪ್ಪನಾಗಿಯೂ ಬೆಳೆದು, ಶಾರೀರವು ಹೆಚ್ಚುಕಡಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುವುದು ಈ ವರ್ಷಗಳ ಆಸುಪಾಸಿನಲ್ಲಿಯೇ. ಜೂನ್ ತಿಂಗಳಲ್ಲಿ ತಾರಷಡ್ಜವನ್ನು ಲೀಲಾಜಾಲವಾಗಿ ಮುಟ್ಟುತ್ತಿದ್ದ ಹುಡುಗನು ಡಿಸೆಂಬರಿನ ವೇಳೆಗೆ ಪಂಚಮದಲ್ಲಿಯೇ ತಡವರಿಸುವುದು ಅಪೂರ್ವವೇನಲ್ಲ. ಅದು ಅಭ್ಯಾಸದ ಕೊರತೆಯಿಂದ ಬಂದುದಲ್ಲ, ಗದರಿಸಿ ತಿದ್ದಬಹುದಾದ ದೋಷವೂ ಅಲ್ಲ. ಬಾಲಕಿಯರ ಕಂಠದಲ್ಲಿಯೂ ಈ ವಯಸ್ಸಿನಲ್ಲಿ ಪರಿವರ್ತನೆಯುಂಟು. ಆದರೆ ಅದು ಎರಡು ಮೂರು ಸ್ವರಗಳಷ್ಟರ ಇಳಿತ, ಕೆಲಕಾಲ ದನಿಯಲ್ಲಿ ಉಸಿರಿನ ಬೆರಕೆ ಹೆಚ್ಚಾಗಿರುವುದು, ಇಷ್ಟಕ್ಕೇ ನಿಲ್ಲುವುದರಿಂದ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆದಕಾರಣ, ಒಬ್ಬನೇ ಬಾಲಕನ ಕಂಠವನ್ನು ನಂಬಿ ನಾಯಕಪಾತ್ರದ ಎಂಟು ಹತ್ತು ಹಾಡುಗಳನ್ನು ಅವನ ಪಾಲಿಗೆ ಬಿಡುವಂಥ ನಾಟಕವು, ಕೃತಿಯಾಗಿ ಅದೆಷ್ಟೇ ಉತ್ಕೃಷ್ಟವಾಗಿರಲಿ, ಪ್ರೌಢಶಾಲೆಗೆ ತಕ್ಕುದಲ್ಲ. ಅವೇ ಹಾಡುಗಳನ್ನು ಇಪ್ಪತ್ತು ಮಂದಿಯ ಮೇಳಕ್ಕೆ ಹಂಚಿಕೊಟ್ಟ ನಾಟಕದಲ್ಲಿ, ಇಬ್ಬರ ದನಿ ಆ ಸಂಜೆ ಕೈಕೊಟ್ಟರೂ ಹಾಡು ನಿಲ್ಲದು. ಶಾಲೆಯ ಹಾಡುನಾಟಕದಲ್ಲಿ ನಿಜವಾದ ನಾಯಕನೆಂದರೆ ಮೇಳ; ಈ ಲೇಖನದ ಉಳಿದೆಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹೊರಟವು.

ನಾಟಕದ ಪುಸ್ತಕವನ್ನು ತೆರೆಯುವುದಕ್ಕೆ ಮುನ್ನ, ಆಸಕ್ತರಾದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಾರ್ಮೋನಿಯಂ ಬಳಿಗೆ ಕರೆದು ಕೇಳತಕ್ಕದ್ದು. ಇದಕ್ಕೆ ಹೊಸ ಹಾಡೇನೂ ಬೇಕಿಲ್ಲ. ನಾಡಗೀತೆಯು ಎಲ್ಲರಿಗೂ ಕಂಠಸ್ಥವಾಗಿರುತ್ತದೆ. ಅದರ ಮೊದಲ ಭಾಗವನ್ನು ಮೂರು ಬೇರೆ ಬೇರೆ ಶ್ರುತಿಗಳಲ್ಲಿ ಹಾಡಿಸಿ, ದನಿ ಮೇಲೆ ಎಲ್ಲಿ ಬಿರಿಯುತ್ತದೆ, ಕೆಳಗೆ ಎಲ್ಲಿ ಮುಳುಗಿಹೋಗುತ್ತದೆ ಎಂಬುದನ್ನು ಅವರವರ ಹೆಸರಿನ ಮುಂದೆ ಗುರುತುಹಾಕಿಕೊಂಡರೆ, ಒಂದು ಶನಿವಾರದ ಮಧ್ಯಾಹ್ನದೊಳಗೆ ಶಾಲೆಯ ಗಾಯನಬಲದ ನಿಜಸ್ಥಿತಿ ತಿಳಿದುಬರುತ್ತದೆ. ಬಾಲಕ ಬಾಲಕಿಯರು ಕೂಡಿದ ಮೇಳಕ್ಕೆ ಬಿಳಿ ಒಂದರಿಂದ ಕಪ್ಪು ಎರಡರವರೆಗಿನ ಯಾವುದಾದರೊಂದು ಮನೆಯನ್ನು ಷಡ್ಜವಾಗಿಟ್ಟುಕೊಳ್ಳುವುದು ಅನುಕೂಲ: ಬಾಲಕಿಯರೂ ಕಂಠ ಒಡೆಯದ ಬಾಲಕರೂ ಒಂದು ಸ್ಥಾಯಿಯಲ್ಲಿ ಹಾಡಿದರೆ, ಒಡೆದು ನೆಲೆನಿಂತ ಕಂಠದವರು ಅವೇ ಸ್ವರಗಳನ್ನು ಅದರ ಕೆಳಗಣ ಸ್ಥಾಯಿಯಲ್ಲಿ ಹಾಡಬಲ್ಲರು. ನಡುವಣ ಅವಸ್ಥೆಯಲ್ಲಿರುವವರಿಗೆ ಐದಾರು ಸ್ವರಗಳೊಳಗೆ ಸುಳಿಯುವ ಸಾಲುಗಳನ್ನೋ, ಲಯಬದ್ಧವಾಗಿ ಹೇಳುವ ಮಾತಿನ ಭಾಗವನ್ನೋ, ತಾಳ ಕಂಜಿರಗಳನ್ನೋ ಒಪ್ಪಿಸಬೇಕು. ಹಾಡಬೇಡವೆಂದು ಮಾತ್ರ ಹೇಳಕೂಡದು. ಆ ವಯಸ್ಸಿನಲ್ಲಿ ಹಾಗೆನ್ನಿಸಿಕೊಂಡ ಹುಡುಗನು ಜೀವಮಾನವಿಡೀ ಹಾಡದೆ ಉಳಿದಾನು. ರಾಗಗಳ ವಿಷಯದಲ್ಲಿಯೂ ಇದೇ ವಿವೇಕವಿರಲಿ: ಐದೇ ಸ್ವರಗಳ ಮೋಹನ, ಹಂಸಧ್ವನಿ, ಮಧ್ಯಮಾವತಿಗಳೂ, ಕೋಲಾಟ ಬೀಸುವಕಲ್ಲುಗಳ ಜಾನಪದ ಧಾಟಿಗಳೂ ಸಮೂಹಕ್ಕೆ ಬೇಗನೆ ಒಲಿಯುತ್ತವೆ, ಗಮಕವೇ ಪ್ರಾಣವಾದ ತೋಡಿ, ಸಾವೇರಿಗಳನ್ನು ಮೂವತ್ತು ಮಕ್ಕಳ ಬಾಯಲ್ಲಿ ಏಕಕಾಲಕ್ಕೆ ಕೇಳಬೇಕೆನ್ನುವವರ ಸಂಗೀತಪ್ರೇಮವನ್ನು ನಾನು ಶಂಕಿಸುತ್ತೇನೆ.

ಕಂಠಗಳ ಲೆಕ್ಕ ಸಿಕ್ಕಿದ ತರುವಾಯ ಕೃತಿಗಳ ಕಡೆಗೆ ತಿರುಗಬಹುದು. ಕನ್ನಡದಲ್ಲಿ ಹಾಡುನಾಟಕವೆಂದು ನಾವು ಸಡಿಲವಾಗಿ ಕರೆಯುವುದರೊಳಗೆ ಪರಸ್ಪರ ದೂರವಾದ ಹಲವು ಜಾತಿಗಳುಂಟು. ಶಾಲೆಯ ದೃಷ್ಟಿಯಿಂದ ನೋಡುವಾಗ ಆ ಭೇದವು ಪಂಡಿತರ ವಿಂಗಡಣೆಯಾಗಿ ಉಳಿಯದೆ ಖರ್ಚು, ಕಾಲ, ಶ್ರಮಗಳ ಪ್ರಶ್ನೆಯಾಗುತ್ತದೆ.

ಆದ್ಯಂತವೂ ಹಾಡಿನಲ್ಲಿಯೇ ನಡೆಯುವ ಗೀತನಾಟಕವು ಮೊದಲನೆಯದು. ಪು.ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ', 'ಅಹಲ್ಯೆ', 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಹಂಸದಮಯಂತಿ ಮತ್ತು ಇತರ ರೂಪಕಗಳು' ಇವು ಈ ಜಾತಿಯ ಶಿಖರಗಳು. ಸಂಗೀತವನ್ನು ಬಲ್ಲ ಕವಿ ಸಂಗೀತಕ್ಕಾಗಿಯೇ ರಚಿಸಿದ ಈ ಕೃತಿಗಳು ಕಿವಿಗೆ ರಸಾಯನವೆಂಬುದು ನಿರ್ವಿವಾದ, ಬಿ.ವಿ. ಕಾರಂತರು 'ಗೋಕುಲ ನಿರ್ಗಮನ'ವನ್ನು ರಂಗಕ್ಕೇರಿಸಿ ಅದರ ನಾಟಕೀಯ ಶಕ್ತಿಯನ್ನೂ ಪ್ರಕಟಪಡಿಸಿದರು. ಆದರೂ ಇವನ್ನು ಪೂರ್ಣರೂಪದಲ್ಲಿ ಆಡುವುದು, ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯುತ್ತಿರುವ ಐದಾರು ಮಕ್ಕಳಾದರೂ ಇರುವ, ಸ್ವತಃ ಹಾಡಬಲ್ಲ ಅಧ್ಯಾಪಕರೊಬ್ಬರು ತಿಂಗಳುಗಟ್ಟಲೆ ಬೆನ್ನಿಗೆ ನಿಲ್ಲುವ ಶಾಲೆಗೆ ಮಾತ್ರ ಸಾಧ್ಯ. ಉಳಿದವರು 'ಗೋಕುಲ ನಿರ್ಗಮನ'ದ ಗೋಪಗೋಪಿಯರ ಸಮೂಹಭಾಗವೊಂದನ್ನು ಆರಿಸಿಕೊಂಡು ಇಪ್ಪತ್ತು ನಿಮಿಷಗಳ ರೂಪಕವಾಗಿ ನಿರ್ವಹಿಸಿದರೆ ಕೃತಿಗೂ ಗೌರವ, ಮಕ್ಕಳಿಗೂ ಲಾಭ. ಶಿವರಾಮ ಕಾರಂತರ ಗೀತನಾಟಕಗಳಲ್ಲಿ 'ಕಿಸಾ ಗೋತಮಿ'ಯನ್ನು ಬಾಲಕಿಯರ ಶಾಲೆಗಳಿಗೆ ವಿಶೇಷವಾಗಿ ಸೂಚಿಸುತ್ತೇನೆ. ಸತ್ತ ಮಗುವನ್ನೆತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆಗಾಗಿ ಬಾಗಿಲಿಂದ ಬಾಗಿಲಿಗೆ ಅಲೆಯುವ ತಾಯಿಯ ಈ ಬೌದ್ಧ ಕಥೆಯ ರಚನೆಯೇ ಮೇಳಕ್ಕೆ ಹೇಳಿಮಾಡಿಸಿದಂತಿದೆ. ಪ್ರತಿಯೊಂದು ಮನೆಯೂ ಮೂರು ನಾಲ್ಕು ಮಕ್ಕಳಿಗೆ ಪಾತ್ರ ಒದಗಿಸುತ್ತದೆ, ವೇಷಭೂಷಣಕ್ಕೆ ಮನೆಯ ಸೀರೆಗಳೇ ಸಾಕಾಗುತ್ತವೆ. ಮಕ್ಕಳ ಉತ್ಸವದಲ್ಲಿ ಸಾವಿನ ಕಥೆಯೇಕೆಂದು ಆಕ್ಷೇಪಿಸುವವರಿದ್ದಾರೆ. ಹದಿನೈದು ವರ್ಷದ ಮಕ್ಕಳು ಸಾವನ್ನರಿಯರೆಂಬುದು ನಾವು ಹಿರಿಯರು ಮಾಡಿಕೊಂಡ ಕಲ್ಪನೆ.

ಎರಡನೆಯದು ಕಂಪನಿ ನಾಟಕ. ಗದ್ಯದ ನಡುನಡುವೆ ಪಾತ್ರಗಳೇ ಹಾಡುವ, ಕಾಲು ಹಾರ್ಮೋನಿಯಂ ಮುಂದಾಳಾಗಿ ನಡೆಸುವ ಈ ಪರಂಪರೆಗೆ ಎ.ವಿ. ವರದಾಚಾರ್ಯರೂ, 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಜಗದ್ವಿಖ್ಯಾತವಾದ ಗುಬ್ಬಿ ಕಂಪನಿಯೂ ಮೆರುಗು ಕೊಟ್ಟರು. ವಾರ್ಷಿಕೋತ್ಸವಕ್ಕೆ 'ಕುರುಕ್ಷೇತ್ರ'ವನ್ನೋ 'ಸದಾರಮೆ'ಯನ್ನೋ ಆಡಬೇಕೆಂಬ ಉತ್ಸಾಹವು ಹಳ್ಳಿಯ ಶಾಲೆಗಳಲ್ಲಿ ಈಗಲೂ ಆಗಾಗ ಮೂಡುವುದುಂಟು. ಊರಿನ ಹಿರಿಯರಲ್ಲಿ ಹಾರ್ಮೋನಿಯಂ ಮೇಷ್ಟ್ರೊಬ್ಬರು ಉಳಿದಿದ್ದರಂತೂ ಸರಿಯೇ ಸರಿ. ಇಲ್ಲಿರುವ ತೊಡಕು ಹಿಂದೆ ಹೇಳಿದ್ದೇ: ಆ ಹಾಡುಗಳು ಪ್ರೌಢ ಗಾಯಕನಟರಿಗಾಗಿ, ಅವರ ತಾರಸ್ಥಾಯಿಯ ಪ್ರೌಢಿಮೆಯನ್ನು ತೋರಿಸುವುದಕ್ಕಾಗಿಯೇ ಕಟ್ಟಿದವು, ಒಂಟಿ ಕಂಠದವು. ಜೊತೆಗೆ, ಆ ಕಾಲದ ಹಾಸ್ಯದಲ್ಲಿ ತೊದಲನ್ನೂ, ಕುರೂಪವನ್ನೂ, ಕಪ್ಪು ಬಣ್ಣವನ್ನೂ, ಕೆಲವೊಮ್ಮೆ ಜಾತಿಯನ್ನೂ ಹಿಡಿದು ನಗಿಸುವ ಭಾಗಗಳು ಹೇರಳ. ಅಂಥ ಮಾತಿನ ಗುರಿಯಾಗತಕ್ಕ ಮಗುವೊಂದು ಅದೇ ತರಗತಿಯಲ್ಲಿ ಕುಳಿತಿರುತ್ತದೆಂಬುದನ್ನು ನೆನೆದು ಆ ಸಾಲುಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಬೇಕು. ತೆಗೆದರೆ ನಾಟಕವೇ ನಿಲ್ಲದೆಂದಾದರೆ ಆ ನಾಟಕವನ್ನೇ ಬಿಡುವುದು ಲೇಸು.

ಇನ್ನು ಮೂರನೆಯ ಜಾತಿ. ನನ್ನ ಪಕ್ಷಪಾತವೆಲ್ಲ ಇದರ ಕಡೆಗೇ. ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿ ಅಲ್ಲಿನ ಸಂಗೀತವನ್ನು ಉಂಡು ಬೆಳೆದ ಬಿ.ವಿ. ಕಾರಂತರು, ಮುಂದೆ ತಾವೇ ನಿರ್ದೇಶಕರಾದಾಗ, ಹಾಡನ್ನು ಏಕಾಂಗಿ ನಟನ ಕಂಠದಿಂದ ಬಿಡಿಸಿ ರಂಗದ ಮೇಲಿನ ಸಮೂಹಕ್ಕೆ ಕೊಟ್ಟರು. ಹಾಡು ಅಲ್ಲಿ ಗಾಯನಪ್ರದರ್ಶನವಾಗದೆ ಕಥೆಯನ್ನು ಮುಂದಕ್ಕೆ ನೂಕುವ, ಸ್ಥಳವನ್ನು ಬದಲಿಸುವ, ಪಾತ್ರವನ್ನು ಪರಿಹಾಸ ಮಾಡುವ ಸಾಧನವಾಯಿತು. ಸಾಲುಗಳು ಚಿಕ್ಕವು, ಲಯ ಖಚಿತ, ಸ್ವರವ್ಯಾಪ್ತಿ ಸಣ್ಣದು. ಮಡಕೆ, ಕೋಲು, ಚಪ್ಪಾಳೆಗಳೂ ವಾದ್ಯಗಳೇ. ಶಾಲೆಗಾಗಿಯೇ ಒಂದು ರಂಗಸಂಗೀತವನ್ನು ಯಾರಾದರೂ ಯೋಜಿಸಿದ್ದರೆ ಅದು ಇದಕ್ಕಿಂತ ಭಿನ್ನವಾಗಿರುತ್ತಿತ್ತೆಂದು ನನಗೆ ತೋರದು. ಮಕ್ಕಳಿಗಾಗಿ ಅವರು ಮಾಡಿದ 'ಪಂಜರಶಾಲೆ'ಯನ್ನು ನೋಡಿರಿ. ರವೀಂದ್ರನಾಥ ಠಾಕೂರರ ಗಿಳಿಯ ಶಿಕ್ಷಣದ ಕಥೆ ಅದರ ಮೂಲ: ಅರಸನು ಅವಿದ್ಯಾವಂತ ಹಕ್ಕಿಯೊಂದಕ್ಕೆ ವಿದ್ಯೆ ಕಲಿಸಲು ಆಜ್ಞಾಪಿಸುತ್ತಾನೆ, ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ನೇಮಕಗೊಳ್ಳುತ್ತಾರೆ, ಪ್ರತಿಮಾಡುವವರು, ಮೇಲ್ವಿಚಾರಕರು, ಮೇಲ್ವಿಚಾರಕರ ಬಂಧುಗಳು ಎಲ್ಲರೂ ಏಳಿಗೆ ಹೊಂದುತ್ತಾರೆ, ಹೊಟ್ಟೆಗೆ ಪುಸ್ತಕದ ಹಾಳೆಗಳನ್ನು ತುರುಕಿಸಿಕೊಂಡ ಹಕ್ಕಿ ಮಾತ್ರ ಸಾಯುತ್ತದೆ. ಶಾಲೆಯ ಅಂಗಳದಲ್ಲಿಯೇ, ಅಧ್ಯಾಪಕರ ಸಮ್ಮುಖದಲ್ಲಿಯೇ, ಮಕ್ಕಳು ಶಾಲೆಯನ್ನು ಕುರಿತು ನಗಬಲ್ಲ ಅವಕಾಶವಿದು. ವಿದ್ಯಾಧಿಕಾರಿಗಳನ್ನು ಮುಖ್ಯ ಅತಿಥಿಗಳಾಗಿ ಕರೆದಿದ್ದರೆ ಅದರ ಸೊಗಸು ಇಮ್ಮಡಿಸುತ್ತದೆ. ಪಾತ್ರಗಳ ಸಂಖ್ಯೆಯನ್ನು ಹದಿನೈದಕ್ಕೆ ಇಳಿಸಲೂ ಬಹುದು, ನಲವತ್ತಕ್ಕೆ ಏರಿಸಲೂ ಬಹುದು, ಮತ್ತು ಪಂಡಿತ ಪಾತ್ರಗಳನ್ನು ಬಾಲಕಿಯರೇ ಮಾಡಿದರೂ ಅಭಾಸವಿಲ್ಲ.

ಕುವೆಂಪುರವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯು ನಾಟಕವಲ್ಲ, ಕಥನಕವನ. ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಕವನದಿಂದ ಹೊರಟು ಸಂಪೂರ್ಣವಾಗಿ ಕನ್ನಡದ ಮಣ್ಣಿನದೇ ಆಗಿಬಿಟ್ಟ ಕೃತಿ. ರಂಗಕ್ಕೆ ಅದು ಎಷ್ಟು ಚೆನ್ನಾಗಿ ಒಗ್ಗುವುದೆಂಬುದನ್ನು ಅದನ್ನು ಆಡಿದ ಅಸಂಖ್ಯಾತ ಶಾಲೆಗಳು ಬಲ್ಲವು. ಎಂಟನೆಯ ತರಗತಿಯವರಿಗೆ ಇಲಿಗಳ ಹಿಂಡು, ಒಂಬತ್ತನೆಯವರಿಗೆ ಊರ ಮಕ್ಕಳ ಗುಂಪು, ಹತ್ತನೆಯವರಿಗೆ ಗೌಡನೂ ಊರಿನ ಹಿರಿಯರೂ ಎಂದು ಪಾತ್ರಗಳು ತಾವಾಗಿಯೇ ಹಂಚಿಕೆಯಾಗುತ್ತವೆ. ನಿರ್ದೇಶಕರಿಗೆ ಇದರಲ್ಲಿ ಇನ್ನೊಂದು ಸೌಕರ್ಯವುಂಟು, ಅದನ್ನು ಗಮನಿಸಿದವರು ವಿರಳ: ಬ್ರೌನಿಂಗನ ನಾಯಕನು ಊದುವವನಾದುದರಿಂದ ಊದುವಾಗ ಹಾಡಲಾರ, ನಮ್ಮ ಜೋಗಿಯ ಕೈಯಲ್ಲಿರುವುದು ತಂತಿವಾದ್ಯವಾದುದರಿಂದ ಅವನು ನುಡಿಸುತ್ತಲೇ ಹಾಡಬಲ್ಲ, ಕುಣಿಯಬಲ್ಲ. ಪಕ್ಕದಲ್ಲಿ ಪಿಟೀಲು ಬಲ್ಲ ಹುಡುಗಿಯೊಬ್ಬಳನ್ನು ಕೂರಿಸಿದರೆ ಜೋಗಿಯು ನುಡಿಸುವಂತೆ ನಟಿಸಿದರೆ ಸಾಕು. ಕವನದ ಛಂದಸ್ಸೇ ಓಡುವ ನಡೆಯದಾದುದರಿಂದ ಬಹುಭಾಗವನ್ನು ಹೊಸ ರಾಗಸಂಯೋಜನೆಯ ಗೊಡವೆಯಿಲ್ಲದೆ ತಾಳಕ್ಕೆ ಸರಿಯಾಗಿ ಹೇಳಿಕೊಂಡೇ ಸಾಗಬಹುದು. ಅದೇ ಕವಿಯ 'ನನ್ನ ಗೋಪಾಲ', 'ಮೋಡಣ್ಣನ ತಮ್ಮ' ನಾಟಕಗಳು ರಮ್ಯವಾಗಿದ್ದರೂ ಇನ್ನೂ ಕಿರಿಯ ವಯಸ್ಸಿನವರವು; ಮೀಸೆ ಚಿಗುರುತ್ತಿರುವ ಹುಡುಗರು ಅವನ್ನು ಆಡಲು ಸಂಕೋಚಪಡುವರು.

ಚಂದ್ರಶೇಖರ ಕಂಬಾರರ 'ಕಿಟ್ಟಿಯ ಕಥೆ', 'ಆಲಿಬಾಬಾ', ಎಚ್.ಎಸ್. ವೆಂಕಟೇಶಮೂರ್ತಿಯವರ 'ಅಳಿಲು ರಾಮಾಯಣ', ವೈದೇಹಿಯವರು ಶೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕವನ್ನಾಧರಿಸಿ ಮಕ್ಕಳಿಗಾಗಿ ಬರೆದ 'ಧಾಂ ಧೂಂ ಸುಂಟರಗಾಳಿ' ಇವೂ ಈ ಪಂಕ್ತಿಯಲ್ಲಿ ನೋಡತಕ್ಕವು. ಇವುಗಳಲ್ಲಿ ಕೊನೆಯದನ್ನು ಒಂಬತ್ತು ಹತ್ತನೆಯ ತರಗತಿಯವರಿಗೆಂದು ನಾನು ಮೀಸಲಿಡುವೆನು; ಶೇಕ್ಸ್‌ಪಿಯರನ ಕಥಾವಸ್ತುವು ಮುಂದೆ ಕಾಲೇಜಿನಲ್ಲಿ ಎದುರಾದಾಗ ಅದು ಆಗಲೇ ಪರಿಚಿತವಾಗಿರುವುದು ಸಣ್ಣ ಲಾಭವೇನಲ್ಲ. ಹೆಗ್ಗೋಡಿನ ಅಕ್ಷರ ಪ್ರಕಾಶನದ ನಾಟಕಗಳ ಪಟ್ಟಿಯನ್ನು ತರಿಸಿಕೊಂಡು ನೋಡಿದರೆ ಇನ್ನೂ ಹಲವು ಹೆಸರುಗಳು ಸಿಕ್ಕಾವು.

ಇದೇ ಕಂಬಾರರ 'ಜೋಕುಮಾರಸ್ವಾಮಿ'ಯ ಪ್ರಸ್ತಾಪವು ಇಂಥ ಸಮಾಲೋಚನೆಗಳಲ್ಲಿ ತಪ್ಪದೆ ಬರುತ್ತದೆ. ಕನ್ನಡ ರಂಗಭೂಮಿಯ ಅತ್ಯಂತ ಜೀವಂತವಾದ ಹಾಡುಗಳು ಅಲ್ಲಿವೆಯೆಂಬುದನ್ನು ಒಪ್ಪಲೇಬೇಕು. ಆದರೆ ಫಲವಂತಿಕೆಯ ಆಚರಣೆಯನ್ನೂ ಬಂಜೆತನದ ದುಃಖವನ್ನೂ ದೇಹದ ಬಯಕೆಯನ್ನೂ ನೇರವಾಗಿ ನುಡಿಯುವ ಆ ನಾಟಕವನ್ನು ಶಾಲೆಗೆಂದು ತೊಳೆದು ಶುಚಿಮಾಡಹೊರಟರೆ ಉಳಿಯುವುದು ಅದರ ಶವ. 'ಸಂಗ್ಯಾ ಬಾಳ್ಯಾ'ದ ಪಾಡೂ ಅದೇ, 'ಹಯವದನ'ದ ಪಾಡೂ ಬಹುಮಟ್ಟಿಗೆ ಅದೇ. ದೊಡ್ಡವರ ನಾಟಕವನ್ನು ದೊಡ್ಡವರಾದ ಮೇಲೆ ಆಡಲಿ. ಕತ್ತರಿಸಿ ಕುಗ್ಗಿಸಿ ಆಡಿಸುವುದರಿಂದ ಕೃತಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಕರಾವಳಿ ಮಲೆನಾಡುಗಳ ಓದುಗರು ಈ ವೇಳೆಗಾಗಲೇ ಅಸಹನೆಯಿಂದ ಯಕ್ಷಗಾನದ ಹೆಸರೆತ್ತಿರಬೇಕು. ಕಂಠದ ಸಮಸ್ಯೆಗೆ ಅದರಷ್ಟು ಪೂರ್ಣವಾದ ಪರಿಹಾರ ಬೇರೊಂದಿಲ್ಲ: ಹಾಡುವವರು ಭಾಗವತರು, ವೇಷಧಾರಿಗೆ ಕುಣಿತ ಮತ್ತು ಮಾತು. ಕಂಠ ಒಡೆಯುತ್ತಿರುವ ಹುಡುಗನು ಬಭ್ರುವಾಹನನಾಗಿ ಅಬ್ಬರಿಸಬಹುದು. ಅವನ ಒಡಕು ದನಿಯೇ ವೀರರಸಕ್ಕೆ ಪೋಷಕವಾದೀತು. 1975ರಲ್ಲಿ ಆರಂಭವಾದ ಸಾಲಿಗ್ರಾಮ ಮಕ್ಕಳ ಮೇಳವು ಮಕ್ಕಳ ಯಕ್ಷಗಾನವೆಂಬುದು ತಮಾಷೆಯ ಅನುಕರಣವಾಗದೆ ಪರಿಪೂರ್ಣ ಕಲೆಯಾಗಬಲ್ಲುದೆಂದು ತೋರಿಸಿತು. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಒದಗಿಸಿ ಕಲಿಸುತ್ತಿದೆ. ಅಭಿಮನ್ಯು ಕಾಳಗ, ಬಭ್ರುವಾಹನ ಕಾಳಗ, ಕುಶಲವರ ಕಾಳಗಗಳಂಥ, ನಾಯಕನೇ ಬಾಲಕನಾಗಿರುವ ಪ್ರಸಂಗಗಳು ಈ ವಯಸ್ಸಿಗೆ ಸಹಜವಾಗಿ ಒಪ್ಪುತ್ತವೆ. ಆದರೆ ಹೆಜ್ಜೆಗಾರಿಕೆ ಹದವಾಗಲು ಜೂನಿನಿಂದ ಡಿಸೆಂಬರಿನವರೆಗಿನ ಅವಧಿ ಪೂರ್ತಿ ಬೇಕು, ಬಲ್ಲ ಗುರು ಬೇಕು, ವೇಷಭೂಷಣವನ್ನು ಬಾಡಿಗೆಗೆ ತರಬೇಕು. ಈ ಮೂರೂ ದೊರೆಯದ ಬಯಲುಸೀಮೆಯ ಶಾಲೆಯು ದೃಶ್ಯಮುದ್ರಿಕೆಯನ್ನು ನೋಡಿ ಯಕ್ಷಗಾನ ಕಲಿಯಹೊರಡುವುದು ವ್ಯರ್ಥಪ್ರಯಾಸ. ಹಾಗೆಯೇ ಬೆಳಗಾವಿ ಬಾಗಲಕೋಟೆಗಳ ಕಡೆಯ ಶಾಲೆಗಳಿಗೆ 'ಶ್ರೀಕೃಷ್ಣ ಪಾರಿಜಾತ'ವು ಕೈಗೆಟಕುವ ಸ್ವಂತ ಸಂಪತ್ತು. ಅದರ ಹಾಡಿಕೆ ಮಾತ್ರ ಕಠಿನವಾದುದರಿಂದ ಊರಿನ ಹಿಮ್ಮೇಳದವರ ನೆರವು ಪಡೆಯದೆ ಕೈಹಚ್ಚಬಾರದು.

ಬೆಂಗಳೂರಿನ ಕೆಲವು ಇಂಗ್ಲಿಷ್ ಮಾಧ್ಯಮದ ಶಾಲೆಗಳು ಪಾಶ್ಚಾತ್ಯ ಮ್ಯೂಸಿಕಲ್‌ಗಳನ್ನು ಆರಿಸುವುದುಂಟು: 'ದಿ ಸೌಂಡ್ ಆಫ್ ಮ್ಯೂಸಿಕ್', 'ಆಲಿವರ್' ಮುಂತಾದವು. ಇವುಗಳ ಪೈಕಿ 'ಜೋಸೆಫ್ ಅಂಡ್ ದಿ ಅಮೇಜಿಂಗ್ ಟೆಕ್ನಿಕಲರ್ ಡ್ರೀಮ್‌ಕೋಟ್' ಎಂಬುದು ಮೂಲದಲ್ಲಿಯೇ ಶಾಲೆಗಾಗಿ ಹುಟ್ಟಿದ ಕೃತಿ. 1968ರಲ್ಲಿ ಲಂಡನ್ನಿನ ಕೋಲೆಟ್ ಕೋರ್ಟ್ ಎಂಬ ಶಾಲೆಯ ಬಾಲಕರ ಮೇಳವು ಹಾಡಿದಾಗ ಅದು ಕಾಲು ಗಂಟೆಯಷ್ಟರ ಗೀತಗುಚ್ಛವಾಗಿತ್ತು, ಬೆಳೆದು ಪೂರ್ಣ ನಾಟಕವಾದುದು ಅನಂತರ. ಅಲ್ಲಿಯೂ ಮೇಳವೇ ಮೂಲವೆಂಬುದನ್ನು ಗಮನಿಸಬೇಕು. ಈ ಕೃತಿಗಳ ಪಠ್ಯವೂ ಸ್ವರಲಿಪಿಯೂ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್‌ನಂಥ ಸಂಸ್ಥೆಗಳ ಮೂಲಕ ಪರವಾನಗಿಯೊಡನೆ ದೊರೆಯತಕ್ಕವು; ಶಾಲೆಗಳಿಗೆಂದೇ ಒಂದು ಗಂಟೆಯೊಳಗೆ ಮುಗಿಯುವಂತೆ, ಕಿರಿಯ ಕಂಠಗಳಿಗೆ ಸರಿಹೊಂದುವ ಶ್ರುತಿಯಲ್ಲಿ ಪರಿಷ್ಕರಿಸಿದ 'ಜೂನಿಯರ್' ಆವೃತ್ತಿಗಳೂ ಉಂಟು. ಪೂರ್ಣಾವೃತ್ತಿಯ ವ್ಯಾಮೋಹ ಬಿಟ್ಟು ಇವನ್ನೇ ತರಿಸುವುದು ಜಾಣತನ.

ವಾದ್ಯಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಒಂದು ಹಾರ್ಮೋನಿಯಂ, ಒಂದು ಢೋಲಕ್ ಅಥವಾ ತಬಲ, ತಾಳ, ಸಾಧ್ಯವಾದರೆ ಕೊಳಲೋ ಪಿಟೀಲೋ ಇಷ್ಟಿದ್ದರೆ ಧಾರಾಳವಾಯಿತು; ನುಡಿಸುವವರನ್ನು ನೇಪಥ್ಯದಲ್ಲಿ ಬಚ್ಚಿಡದೆ, ನಟರ ತುಟಿ ಕಾಣುವಂತೆ ರಂಗದ ಬದಿಯಲ್ಲಿ 
ಕೂರಿಸಬೇಕು. ಧ್ವನಿಮುದ್ರಿಕೆಯನ್ನು ಹಾಕಿ ಮಕ್ಕಳು ಬಾಯಾಡಿಸುವ ಪದ್ಧತಿಯನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಅದರಲ್ಲಿ ತಪ್ಪು ನಡೆಯುವ ಭಯವಿಲ್ಲವೆಂಬುದು ನಿಜ. ಏನೂ ನಡೆಯುವುದಿಲ್ಲವಾದುದರಿಂದ ತಪ್ಪೂ ನಡೆಯದು.

ನಾಟಕದ ಉದ್ದವು ಒಂದು ಗಂಟೆಯನ್ನು ಬಹಳ ಮೀರದಿರಲಿ, ಹಾಡುಗಳು ಎಂಟು ಹತ್ತರೊಳಗಿರಲಿ. ವಾರ್ಷಿಕೋತ್ಸವದ ಸಭೆಯಲ್ಲಿ ಸ್ವಾಗತ, ವರದಿ, ಬಹುಮಾನ ವಿತರಣೆ, ಐದಾರು ಭಾಷಣಗಳು ಮುಗಿದು ನಾಟಕಕ್ಕೆ ಪರದೆ ಸರಿಯುವಾಗ ರಾತ್ರಿ ಒಂಬತ್ತೂವರೆಯಾಗಿ, ಇಲಿಯ ವೇಷ ತೊಟ್ಟ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ರಿಸುತ್ತಿರುವುದನ್ನು ಕಾಣದವರಾರು? ಸಾಧ್ಯವಾದರೆ ನಾಟಕವನ್ನು ಭಾಷಣಗಳಿಗಿಂತ ಮುಂಚೆ ಇರಿಸಿರಿ. ಅತಿಥಿಗಳು ಸಮಯಕ್ಕೆ ಸರಿಯಾಗಿ ಬರುವರೆಂಬುದು ಅದರ ಉಪಲಾಭ. ಕಾಲಗಣನೆ ಹೀಗಿರಬಹುದು: ಜೂನ್ ಜುಲೈಗಳಲ್ಲಿ ಕಂಠಪರೀಕ್ಷೆ ಮತ್ತು ಕೃತಿಯ ಆಯ್ಕೆ, ಆಗಸ್ಟಿನಿಂದ ವಾರಕ್ಕೆರಡು ಸಂಜೆ ಹಾಡುಗಳ ಅಭ್ಯಾಸ ಮಾತ್ರ, ಅರ್ಧವಾರ್ಷಿಕ ಪರೀಕ್ಷೆ ಮತ್ತು ದಸರೆಯ ರಜೆ ಕಳೆದ ಮೇಲೆ ಮಾತು, ಚಲನೆಗಳ ಜೋಡಣೆ, ಡಿಸೆಂಬರಿನಲ್ಲಿ ಪ್ರದರ್ಶನ. ಹಾಡು ಮೊದಲು ಕಂಠಸ್ಥವಾಗಿ ಅನಂತರ ಮಾತು ಸೇರಬೇಕೇ ಹೊರತು ವಿಪರ್ಯಾಸವಾಗಿ ಅಲ್ಲ. ಗದ್ಯನಾಟಕದ ಅಭ್ಯಾಸವಿರುವ ನಿರ್ದೇಶಕರು ಹಾಡನ್ನು ಕೊನೆಯ ಹದಿನೈದು ದಿನಗಳಿಗೆ ತಳ್ಳುವುದರಿಂದಲೇ ಬಹುಪಾಲು ಅವಘಡಗಳು ಸಂಭವಿಸುತ್ತವೆ. ಜನವರಿ ದಾಟಿತೆಂದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಭೂತ ಹತ್ತನೆಯ ತರಗತಿಯವರ ತಂದೆತಾಯಿಗಳ ಮೈಮೇಲೆ ಬರುತ್ತದೆ. ಮುಖ್ಯ ಪಾತ್ರಗಳನ್ನು ಒಂಬತ್ತನೆಯವರಿಗೆ ಕೊಡುವುದು ಅದಕ್ಕಾಗಿಯೇ ಕ್ಷೇಮ.

ಇನ್ನು ಹಕ್ಕಿನ ವಿಚಾರ. ಇದರಲ್ಲಿ ನಮ್ಮ ಶಾಲೆಗಳ ಅಲಕ್ಷ್ಯ ಅಷ್ಟಿಷ್ಟಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಲೇಖಕನ ಹಕ್ಕು ಅವನ ಜೀವಿತಕಾಲದ ಮೇಲೆ 60 ವರ್ಷ ಇರುತ್ತದೆ. ಆ 60 ವರ್ಷಗಳ ಎಣಿಕೆಯು ಮರಣದ ಮುಂದಿನ ವರ್ಷದ ಆರಂಭದಿಂದ. 1941ರಲ್ಲಿ ತೀರಿಕೊಂಡ ಠಾಕೂರರ, 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಕೃತಿಗಳು ಈಗ ಸರ್ವರ ಸೊತ್ತು. ಆದರೆ 1994ರಲ್ಲಿ ನಿಧನರಾದ ಕುವೆಂಪು, 1997ರಲ್ಲಿ ನಿಧನರಾದ ಶಿವರಾಮ ಕಾರಂತ, 1998ರಲ್ಲಿ ನಿಧನರಾದ ಪು.ತಿ.ನ. ಇವರ ಕೃತಿಗಳ ಹಕ್ಕು ಅನುಕ್ರಮವಾಗಿ 2054, 2057, 2058ನೆಯ ಇಸವಿಗಳ ಕೊನೆಯವರೆಗೂ ಇರುತ್ತದೆ. ಮೂಲಕಥೆ ಠಾಕೂರರದೆಂದ ಮಾತ್ರಕ್ಕೆ ಅದರ ಕನ್ನಡ ರೂಪಾಂತರವೂ ಮುಕ್ತವೆಂದು ಭಾವಿಸಕೂಡದು. ರೂಪಾಂತರಕ್ಕೆ ಅದರ ಕರ್ತೃವಿನ ಹಕ್ಕು ಬೇರೆ, ರಾಗಸಂಯೋಜನೆಗೆ ಸಂಯೋಜಕರ ಹಕ್ಕು ಬೇರೆ. ಇಷ್ಟು ಹೇಳಿದ ಮೇಲೆ ಸಮಾಧಾನದ ಸಂಗತಿಯನ್ನೂ ಹೇಳಬೇಕು: ಅದೇ ಅಧಿನಿಯಮದ 52ನೆಯ ಕಲಮು, ಶಾಲೆಯ ಚಟುವಟಿಕೆಯ ಅಂಗವಾಗಿ ಅಲ್ಲಿನ ಸಿಬ್ಬಂದಿಯೂ ವಿದ್ಯಾರ್ಥಿಗಳೂ ಆಡುವ ನಾಟಕಕ್ಕೆ, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಪೋಷಕರು ಹಾಗೂ ಶಾಲೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಇಷ್ಟೇ ಮಂದಿಯಾಗಿದ್ದ ಪಕ್ಷದಲ್ಲಿ, ವಿನಾಯಿತಿಯನ್ನು ಕೊಟ್ಟಿದೆ. ಊರಿಗೆಲ್ಲ ಟಿಕೆಟ್ಟು ಮಾರಿದರೆ, ಕಲಾಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನ ಏರ್ಪಡಿಸಿದರೆ, ಚಿತ್ರೀಕರಿಸಿ ಅಂತರಜಾಲದಲ್ಲಿ ಹರಿಯಬಿಟ್ಟರೆ ಈ ವಿನಾಯಿತಿ ರಕ್ಷಣೆಗೆ ಬಾರದು. ಆಗ ಲಿಖಿತ ಅನುಮತಿ ಅವಶ್ಯ. ವಿನಾಯಿತಿಯಿದ್ದಾಗಲೂ ಪುಸ್ತಕದ ಆರಂಭದ ಪುಟದಲ್ಲಿ ಅನುಮತಿಯ ಕುರಿತು ಏನು ಅಚ್ಚಾಗಿದೆಯೆಂದು ನೋಡಿ, ನಾಟಕಕಾರರಿಗೋ ಅವರ ವಾರಸುದಾರರಿಗೋ ಒಂದು ಪತ್ರ ಬರೆಯುವುದು ಸೌಜನ್ಯ. ದೃಶ್ಯವೊಂದನ್ನು ಬಿಡುವ, ಹಾಡೊಂದನ್ನು ಮೊಟಕುಗೊಳಿಸುವ ಉದ್ದೇಶವಿದ್ದರೆ ಆ ಪತ್ರದಲ್ಲಿಯೇ ಕೇಳಿಬಿಡಿ. ಶಾಲೆಯ ಮಕ್ಕಳು ಆಡುತ್ತಾರೆಂದು ತಿಳಿದಾಗ ಒಲ್ಲೆವೆನ್ನುವವರು ವಿರಳ.

ಕಡೆಯದಾಗಿ ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವಾನ್ವಿತ ಉಪಸ್ಥಿತರು ಎಂದು ಹನ್ನೆರಡು ಹೆಸರುಗಳು ಅಚ್ಚಾಗಿ, ತುದಿಯಲ್ಲಿ 'ಅನಂತರ ಮಕ್ಕಳಿಂದ ನಾಟಕ' ಎಂಬ ಮೂರು ಪದಗಳು ಮಾತ್ರ ಇರುವುದನ್ನು ನೀವೂ ನೋಡಿದ್ದೀರಿ. ಈ ವರ್ಷದ ಪತ್ರಿಕೆಯಲ್ಲಿ ನಾಟಕದ ಹೆಸರು, ಬರೆದವರ ಹೆಸರು, ಸಂಗೀತ ಸಂಯೋಜಿಸಿದವರ ಹೆಸರು ಈ ಮೂರನ್ನೂ ತಪ್ಪದೆ ಅಚ್ಚುಹಾಕಿಸಿ. ಸ್ಥಳ ಸಾಲದೆಂದು ಮುದ್ರಣಾಲಯದವರು ಹೇಳಿದರೆ ಉಪಸ್ಥಿತರಲ್ಲಿ ಇಬ್ಬರನ್ನು ಕಡಮೆಮಾಡಿ.